ತಲೆಗೆ ಹದಿನಾರು ನಿಮಿಷ

ನಾನು ಗಣಿತದ ಟೀಚರ್. ಇಪ್ಪತ್ತೆರಡು ವರ್ಷಗಳಿಂದ ಕನಕಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಬೀಜಗಣಿತವಾಗಲಿ, ತ್ರಿಕೋನಮಿತಿಯಾಗಲಿ ಇದುವರೆಗೆ ನನ್ನನ್ನು ಹೆದರಿಸಿದ್ದಿಲ್ಲ. ಹೀಗಿರುವಾಗ ಐದು ಜನ ಹುಡುಗಿಯರಿಗೆ ಎಂಬತ್ತು ನಿಮಿಷ ಹಂಚುವುದು ಒಂದು ಲೆಕ್ಕವೇ? ಎಂಬತ್ತನ್ನು ಐದರಿಂದ ಭಾಗಿಸಿದರೆ ಹದಿನಾರು. ಶೇಷ ಸೊನ್ನೆ. ನಾಲ್ಕನೇ ಕ್ಲಾಸಿನ ಮಗು ಮಾಡುವ ಲೆಕ್ಕ! ಈ ಲೆಕ್ಕವನ್ನು ಮಾಡಲು ಹೋಗಿ ನಾನು ರಾಮನಗರದಲ್ಲಿ ಒಮ್ಮೆ, ಮಾಗಡಿಯಲ್ಲಿ ಒಮ್ಮೆ, ಚನ್ನಪಟ್ಟಣದಲ್ಲಿ ಒಮ್ಮೆ, ಒಟ್ಟು ಮೂರು ತಾಲ್ಲೂಕುಗಳಲ್ಲಿ ಸರದಿಯ ಪ್ರಕಾರ ಮಾನ ಕಳೆದುಕೊಂಡು ಬಂದೆ.

ಆದದ್ದು ಇಷ್ಟು. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ರಿಟೈರ್ ಆದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅದೇ ವರ್ಷ ಅವರು ಕಟ್ಟಿ ಬೆಳೆಸಿದ್ದ ಬಾಸ್ಕೆಟ್‌ಬಾಲ್ ತಂಡದ ದೊಡ್ಡ ಹುಡುಗಿಯರೆಲ್ಲ ಎಸ್ಸೆಸ್ಸೆಲ್ಸಿ ಪಾಸಾಗಿ ಹೊರಟುಹೋದರು. ಉಳಿದದ್ದು ಎಂಟು ಜನ ಎಳೆಯ ಹುಡುಗಿಯರು, ಮೂರು ಚೆಂಡು, ಒಂದು ಸೀಟಿ. ಹೆಡ್‌ಮೇಷ್ಟ್ರು ನನ್ನನ್ನು ಕರೆಸಿ ಆ ಸೀಟಿಯನ್ನು ಮೇಜಿನ ಮೇಲಿಟ್ಟರು.

"ಸರ್ವಮಂಗಳಾ ಮೇಡಂ, ಇದನ್ನ ನೀವು ನೋಡ್ಕೊಳ್ಳಿ."

"ಸರ್, ನನಗೆ ಆ ಆಟದ ಗಂಧಗಾಳಿ ಗೊತ್ತಿಲ್ಲ."

"ಆಡೋದು ಹುಡುಗೀರು ಮೇಡಂ, ನೀವಲ್ಲ. ನೀವು ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು."

ಪಕ್ಕದಲ್ಲಿ ನಿಂತುಕೊಳ್ಳುವುದು ನನಗೆ ಬರುತ್ತದೆ ಎಂದು ನಾನು ನಂಬಿದ್ದೆ. ಒಪ್ಪಿಕೊಂಡೆ.

ಹೊರಡುವ ದಿನ ಪಿ.ಟಿ. ಮೇಷ್ಟ್ರು ನನಗೆ ಆಟವನ್ನು ಹತ್ತು ನಿಮಿಷದಲ್ಲಿ ವಿವರಿಸಿದರು. ಅಂಗಳದಲ್ಲಿ ಒಂದು ಕಡೆಗೆ ಐದು ಜನ. ಅದರಲ್ಲಿ ಇಬ್ಬರು ಗಾರ್ಡ್, ಒಬ್ಬಳು ಸೆಂಟರ್, ಇಬ್ಬರು ಫಾರ್ವರ್ಡ್. ಮುಂದೆ ನುಗ್ಗಿ ಬುಟ್ಟಿಗೆ ಚೆಂಡು ಹಾಕುವವರು ಫಾರ್ವರ್ಡ್‌ಗಳು. "ಗಾರ್ಡು, ಸೆಂಟರು ಚಿಂತೆ ಇಲ್ಲ ಮೇಡಂ. ತಾಪತ್ರಯ ಇರೋದು ಫಾರ್ವರ್ಡಲ್ಲಿ. ಇಬ್ಬರು ಆಡೋ ಜಾಗಕ್ಕೆ ಐದು ಜನ ಅವ್ರೆ. ಎಲ್ಲಾ ಎಳೇವು. ಈ ವರ್ಷ ಗೆಲ್ಲೋದು ಬ್ಯಾಡ, ಟೀಮ್ ಕಟ್ಟಿ ಸಾಕು. ಐದೂ ಜನಕ್ಕೂ ಆಡೋಕೆ ಟೈಮ್ ಕೊಡಿ. ನೋಡ್ಕೊಂಡು ಹಂಚಿ," ಅಂದರು.

ನೋಡಿಕೊಂಡು ಹಂಚಿ ಎಂದರಲ್ಲ, ಏನನ್ನು ನೋಡಿಕೊಂಡು ಎಂದು ನಾನು ಕೇಳಲಿಲ್ಲ. ಗಣಿತದವರು ಕೇಳುವುದಿಲ್ಲ. ನಾಲ್ಕು ಭಾಗಗಳಲ್ಲಿ ನಲವತ್ತು ನಿಮಿಷದ ಆಟ, ಎರಡು ಜಾಗ, ಒಟ್ಟು ಎಂಬತ್ತು. ಐದರಿಂದ ಭಾಗಿಸಿದೆ!

ಆಮೇಲೆ ಐವರೂ ಒಬ್ಬೊಬ್ಬರಾಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಕಾಣಿಸಿಕೊಳ್ಳತೊಡಗಿದರು. ಐದು ಜನರ ಪೈಕಿ ಚೆನ್ನಾಗಿ ಆಡುವವಳು ರಕ್ಷಿತಾ. ಅವಳ ತಾಯಿಗೆ ಪೇಟೆಯಲ್ಲಿ ಬಳೆ ಅಂಗಡಿ. "ಮಿಸ್, ಜಾಸ್ತಿ ಆಡಿಸ್ದಿದ್ರೆ ನಮ್ಮಮ್ಮ ಸಂಜೆ ಅಂಗಡೀಲಿ ಕೂತ್ಕೋ ಅಂತಾರೆ," ಅಂದಳು. ಇನ್ನೊಬ್ಬಳಿಗೆ ಅಜ್ಜಿಯ ಕಾಟ, ಮತ್ತೊಬ್ಬಳಿಗೆ ಅಣ್ಣನ ಕಾಟ. ಎಲ್ಲರ ಮನೆಯಲ್ಲೂ ಆಟಕ್ಕೆ ವಿರೋಧ.

ಕೊನೆಗೆ ಬಂದವಳು ಮಾದೇವಿ. ಉಯ್ಯಂಬಳ್ಳಿ ಕಡೆಯ ಒಂದು ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವ ಹುಡುಗಿ. ಅಪ್ಪ ಸಿದ್ದೇಗೌಡರಿಗೆ ಒಂದಿಷ್ಟು ರಾಗಿ ಹೊಲ, ಒಂದು ಮಂದೆ ಕುರಿ. ನನ್ನ ಕ್ಲಾಸಿನಲ್ಲಿ ಒಂದು ವರ್ಷ ಇವಳ ಗಂಟಲು ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದಳು. ಚೆಂಡು ಕೈಗೆ ಬಂದದ್ದೇ ಹುಡುಗಿ ಬೇರೆಯೇ ಆದಳು. ಕೂಗುತ್ತಾಳೆ, ನಗುತ್ತಾಳೆ, "ಆ ಕಡೆ ಸರ್ಕಳಿ ಮಿಸ್, ಮಧ್ಯಕ್ ಬರ್ಬ್ಯಾಡಿ" ಎಂದು ನನ್ನನ್ನೇ ಗದರುತ್ತಾಳೆ. ಅವಳು ಹಾಗೆ ಗದರಿದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

"ಮಿಸ್," ಅಂದಳು ಮಾದೇವಿ, "ಆಡ್ಸ್ದೆ ಸುಮ್ಕೆ ಕುಂಡ್ರುಸಿದ್ರೆ ನಮ್ಮಪ್ಪ ಆಟ ಬುಡುಸ್‌ಬುಡ್ತೀನಿ ಅಂದವ್ರೆ. ಕುಂತ್ಕಳಾಕೆ ಕನಕಪುರಕ್ಕೆ ಯಾಕೋಗ್ಬೇಕು, ಮನೇಲಿ ಜಗಲಿ ಇಲ್ವಾ ಅಂತವ್ರೆ."

ಮಾದೇವಿ ಆಟ ಬಿಟ್ಟು ಮತ್ತೆ ನೆಲ ನೋಡುವ ಹುಡುಗಿಯಾಗುವುದನ್ನು ನೆನೆಸಿಕೊಂಡೆ. ಏನಾದರಾಗಲಿ, ಈ ಹುಡುಗಿಯನ್ನು ಬಿಟ್ಟುಕೊಡುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ. ಬಿಳಿ ಹಾಳೆ ತೆಗೆದುಕೊಂಡು ಐದು ಪ್ರತಿ ಬರೆದೆ: "ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಮ್ಮ ಮಗಳಿಗೆ ಪ್ರತಿ ಪಂದ್ಯದಲ್ಲಿ ಹದಿನಾರು ನಿಮಿಷಗಳ ಆಟವನ್ನು ತಪ್ಪದೆ ಒದಗಿಸಲಾಗುವುದು." ಕೆಳಗೆ ಸಹಿ, ಶಾಲೆಯ ಸೀಲು. ಮನೆಯಲ್ಲಿ ತೋರಿಸಿ ಎಂದು ಐವರಿಗೂ ಕೊಟ್ಟೆ. ಅಂದು ಊಟ ಬಹಳ ರುಚಿಯಾಗಿತ್ತು.

ಮೊದಲ ಪಂದ್ಯ ರಾಮನಗರದ ಒಂದು ಶಾಲೆಯ ಮೇಲೆ, ಸ್ನೇಹಕ್ಕಾಗಿ ಆಡುವಂಥದ್ದು. ಹಾಜರಿ ಪುಸ್ತಕದ ಕ್ರಮದಲ್ಲಿ ಚಾರ್ಟ್ ಬರೆದುಕೊಂಡು, ಎಡಗೈಯ ವಾಚನ್ನು ಬಲಗೈಯಿಂದ ಹಿಡಿದುಕೊಂಡು ನಿಂತೆ. ಹತ್ತು ಗಂಟೆಗೆ ಶುರು. ನಿಮಿಷ ತಪ್ಪದೆ ಹುಡುಗಿಯರನ್ನು ಒಳಗೆ ಕಳಿಸುತ್ತಿದ್ದೆ, ಹೊರಗೆ ಕರೆಯುತ್ತಿದ್ದೆ. ಮಧ್ಯೆ ರೆಫ್ರಿ ಆಗಾಗ ಸೀಟಿ ಊದಿ ಆಟ ನಿಲ್ಲಿಸುತ್ತಿದ್ದರು. ಒಬ್ಬಳಿಗೆ ಮಂಡಿ ತರಚಿತು, ಆಟ ನಿಂತಿತು. ಒಂದು ನಾಯಿ ಬಂದು ಅಂಗಳದ ನಟ್ಟನಡುವೆ ಮಲಗಿತು, ಅದನ್ನು ಎಬ್ಬಿಸುವವರೆಗೆ ಆಟ ನಿಂತಿತು. ನನ್ನ ವಾಚು ನಿಲ್ಲಲಿಲ್ಲ. ಅದು ನನ್ನ ಮದುವೆಯಲ್ಲಿ ಕೊಟ್ಟ ವಾಚು, ಇದುವರೆಗೆ ಒಮ್ಮೆಯೂ ನಿಂತಿಲ್ಲ!

ನನ್ನ ಚಾರ್ಟಿನ ಕೊನೆಯ ಸಾಲಿಗೆ ಟಿಕ್ ಹಾಕಿ, ಐವರಿಗೂ ತಲಾ ಹದಿನಾರು ನಿಮಿಷ ಮುಗಿದಿದೆ ಎಂದು ಸಮಾಧಾನದಿಂದ ಪೆನ್ನು ಮುಚ್ಚಿದೆ. ಎದುರು ತಂಡದ ಮೇಷ್ಟ್ರ ಕೈ ಕುಲುಕಲು ಹೋದೆ. "ಚೆನ್ನಾಗಿ ಆಡಿದ್ರು ನಿಮ್ಮ ಹುಡುಗೀರು," ಅಂದೆ.

ಅವರು ನನ್ನನ್ನೇ ನೋಡಿದರು. "ಎಲ್ಲಿಗ್ ಹೊರಟ್ರಿ ಮೇಡಂ? ಇನ್ನೂ ಹಾಫ್‌ಟೈಮು."

ಅರ್ಧ ಆಟ ಬಾಕಿ! ನನ್ನ ಲೆಕ್ಕದ ಪ್ರಕಾರ ಆಡಿಸಲು ಒಬ್ಬ ಫಾರ್ವರ್ಡೂ ಉಳಿದಿಲ್ಲ! ಬಸ್ಸಿನ ಡ್ರೈವರನ್ನು ಇಳಿಸುವುದೊಂದೇ ಬಾಕಿ. ಗಾಬರಿಯಲ್ಲಿ ಚಾರ್ಟನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಪಟ್ಟಿಯಲ್ಲಿ ಮೊದಲಿದ್ದವರಿಗೆ ಇಮ್ಮಡಿ ಸಿಕ್ಕಿತು. ವರ್ಷದ ಮಧ್ಯದಲ್ಲಿ ಸೇರಿದ್ದರಿಂದ ಹಾಜರಿಯಲ್ಲಿ ಕೊನೆಯವಳಾದ ಮಾದೇವಿಗೆ, ನಾಯಿ ಮಲಗಿದ್ದ ಹೊತ್ತನ್ನೂ ಮಂಡಿಗೆ ಪಟ್ಟಿ ಕಟ್ಟಿದ ಹೊತ್ತನ್ನೂ ಕಳೆದರೆ, ಸಿಕ್ಕಿದ್ದು ಐದೇ ನಿಮಿಷ. ಪಂದ್ಯ ಸೋತೆವು. ಎಷ್ಟರಲ್ಲಿ ಎಂದು ದಯವಿಟ್ಟು ಕೇಳಬೇಡಿ.

ವಾಪಸು ಬರುವಾಗ ಮಾದೇವಿಯೇ ನನಗೆ ಪಾಠ ಹೇಳಿದಳು. "ಮಿಸ್, ಇದು ನಮ್ ಬೋರ್‌ವೆಲ್ ಪಾಳಿ ಇದ್ದಂಗೆ. ನಮ್ ದೊಡ್ಡಪ್ಪಂಗೆ ಮೂರ್ ಗಂಟೆ, ನಮ್ಗೆ ಮೂರ್ ಗಂಟೆ. ಕರೆಂಟ್ ಓದ್ರೆ ಪಾಳಿ ಅಲ್ಲೇ ನಿಂತ್ಕತದೆ. ಬಂದ್ಮ್ಯಾಕೆ ಅಲ್ಲಿಂದ ಲೆಕ್ಕ. ಕರೆಂಟ್ ಇಲ್ದಿದ್ ಹೊತ್ನೂ ಪಾಳೀಗೆ ಹಿಡುದ್ರೆ ಹೊಲಕ್ ನೀರ್ ಎಲ್ ಹಾಯ್ತದೆ?"

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಲೆಕ್ಕದ್ ಮಿಸ್ ಅಲ್ವಾ ಅಂತ ಸುಮ್ಕಿದ್ದೆ," ಅಂದಳು. ಅದಕ್ಕೆ ನಾನು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ.

ಎರಡನೆಯದು ಮಾಗಡಿಯಲ್ಲಿ. ಈ ಸಲ ನಾನು ಆಧುನಿಕಳಾದೆ. ಐದು ಹುಡುಗಿಯರಿಗೆ ಐದು ಮೊಬೈಲು! ನನ್ನದೊಂದು, ಹೆಡ್‌ಮೇಷ್ಟ್ರದೊಂದು, ಸಹೋದ್ಯೋಗಿಗಳಿಂದ ಕಾಡಿ ಬೇಡಿ ತಂದದ್ದು ಮೂರು. ಪ್ರತಿಯೊಂದರಲ್ಲೂ ಹದಿನಾರು ನಿಮಿಷಕ್ಕೆ ಅಲಾರಾಂ ಇಟ್ಟು, ಹಿಂದೆ ಹುಡುಗಿಯ ಹೆಸರಿನ ಚೀಟಿ ಅಂಟಿಸಿ, ಬೆಂಚಿನ ಮೇಲೆ ಸಾಲಾಗಿ ಜೋಡಿಸಿದೆ. ಆಟ ನಿಂತರೆ ಒತ್ತಿ ನಿಲ್ಲಿಸುವುದು, ಶುರುವಾದರೆ ಒತ್ತಿ ಬಿಡುವುದು. ದೂರದಲ್ಲಿ ಸಾವನದುರ್ಗ ಕಾಣುತ್ತದೆ, ಒಂದು ನಿಮಿಷ ನೋಡಿ ಮೇಡಂ ಎಂದು ಅಲ್ಲಿಯ ಟೀಚರೊಬ್ಬರು ಅಂದರು. ನನಗೆ ಕತ್ತೆತ್ತಲು ಪುರುಸೊತ್ತಿರಲಿಲ್ಲ.

ಮೊದಲ ಅರ್ಧ ಚೆನ್ನಾಗಿಯೇ ನಡೆಯಿತು. ನನ್ನ ಹೆಬ್ಬೆರಳುಗಳು ಮಾತ್ರ ಊದಿಕೊಂಡವು. ಮೂರನೇ ಭಾಗದಲ್ಲಿ ಹೆಡ್‌ಮೇಷ್ಟ್ರ ಫೋನು ರಕ್ಷಿತಾಳ ಹದಿನಾರು ನಿಮಿಷ ಮುಗಿಸಿ ಬಾಯಿಬಿಟ್ಟಿತು. ಅವರು ಇಟ್ಟುಕೊಂಡಿದ್ದ ಅಲಾರಾಂ ಲಾರಿಯ ಹಾರನ್ನಿನದು! ನಮ್ಮ ಹುಡುಗಿಯರು ಇದು ಆಟ ಮುಗಿಯುವ ಹಾರನ್ ಎಂದುಕೊಂಡು, ಚೆಂಡನ್ನು ನೆಲಕ್ಕೆ ಇಟ್ಟು, ಶಿಸ್ತಾಗಿ ನಿಂತುಬಿಟ್ಟರು. ಎದುರಿನವರು ಆ ಚೆಂಡನ್ನು ಎತ್ತಿಕೊಂಡು ಹೋಗಿ ನಿಧಾನಕ್ಕೆ ಬುಟ್ಟಿಗೆ ಹಾಕಿ ಬಂದರು. ನಮ್ಮ ಸೆಂಟರ್ ಹುಡುಗಿ ಚಪ್ಪಾಳೆ ಬೇರೆ ತಟ್ಟಿದಳು.

ರೆಫ್ರಿ ನನ್ನತ್ತ ಓಡಿ ಬಂದರು. "ಮೇಡಂ, ಇನ್ನೊಂದ್ ಸಲ ಹಾರನ್ ಹೊಡೆದ್ರೆ ಫೌಲ್ ಕೊಡ್ತೀನಿ ನಿಮಗೆ!"

"ನಾನು ಹೊಡೀಲಿಲ್ಲ ಸರ್, ನಮ್ಮ ಹೆಡ್‌ಮೇಷ್ಟ್ರು ಹೊಡೆದದ್ದು," ಅಂದೆ. ಹೆಡ್‌ಮೇಷ್ಟ್ರು ಆಗ ಕನಕಪುರದಲ್ಲಿದ್ದರು. ರೆಫ್ರಿ ನನ್ನ ಹಣೆ ಮುಟ್ಟಿ ನೋಡುವವರಂತೆ ನೋಡಿದರು.

ಅಷ್ಟರಲ್ಲಿ ಮಾದೇವಿಯ ಹೆಸರಿನ ಫೋನು ಹಾಡತೊಡಗಿತು. ಅದು ನಮ್ಮ ವಿಜ್ಞಾನದ ಟೀಚರರದು. ಅಲಾರಾಂ ಎಂದುಕೊಂಡು ಒತ್ತಿದೆ. ಅದು ಅವರ ಅತ್ತೆಯವರ ಕರೆ. "ಏನಮ್ಮಾ, ಅವರೆಕಾಳು ನೆನೆಹಾಕ್ಲಾ, ಬ್ಯಾಡ್ವಾ?" ಎಂದರು. ಹಿರಿಯರು, ಹೇಗೆ ಕತ್ತರಿಸುವುದು? ನಾನು ಯಾರು, ಎಲ್ಲಿದ್ದೇನೆ, ಅವರ ಸೊಸೆಯ ಫೋನು ನನ್ನ ಕೈಯಲ್ಲೇಕಿದೆ ಎಂಬುದನ್ನು ವಿವರಿಸಿ, ಅವರಿಗೆ ಬಂದ ಅನುಮಾನವನ್ನು ಪರಿಹರಿಸಿ, ಕಾಳನ್ನು ನೆನೆಹಾಕಿಸುವಷ್ಟರಲ್ಲಿ ನಾಲ್ಕನೇ ಭಾಗ ಅರ್ಧ ಮುಗಿದಿತ್ತು. ಮಾದೇವಿ ಬೆಂಚಿನ ತುದಿಯಲ್ಲಿ ಬೂಟಿನ ದಾರ ಬಿಗಿದುಕೊಂಡು, ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದಳು. ಅವಳಿಗೆ ಅಂದು ಸಿಕ್ಕಿದ್ದು ಏಳು ನಿಮಿಷ.

ನಾನು ಅವಳ ಕ್ಷಮೆ ಕೇಳಿದೆ. "ಪರ್ವಾಗಿಲ್ಲ ಬುಡಿ ಮಿಸ್," ಅಂದಳು. ಬೂಟು ಕಳಚುತ್ತಾ, "ಆದ್ರೆ ಚನ್ನಪಟ್ಣದ ಮ್ಯಾಚ್ಗೆ ನಮ್ಮಪ್ಪ ಬತ್ತಾವ್ರೆ," ಅಂದಳು.

ಕುರಿ ಬಿಟ್ಟು, ಹೊಲ ಬಿಟ್ಟು, ಎರಡು ಬಸ್ಸು ಹಿಡಿದು ಒಬ್ಬ ಅಪ್ಪ ಬರುತ್ತಾನೆ ಎಂದರೆ ಯಾಕೆ ಬರುತ್ತಾನೆ? ನನ್ನ ಸೀಲು ಹಾಕಿದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಹದಿನಾರು ನಿಮಿಷ ಸಿಕ್ಕಿತೋ ಇಲ್ಲವೋ ಪರೀಕ್ಷಿಸಲು ಬರುತ್ತಾನೆ. ಸಿಗದಿದ್ದರೆ ಮಗಳನ್ನು ಅಲ್ಲಿಂದಲೇ ಕರೆದುಕೊಂಡು ಹೋಗುತ್ತಾನೆ. ಮಾರನೆಯ ದಿನದಿಂದ ನನ್ನನ್ನು ಗದರುವವರು ಇರುವುದಿಲ್ಲ.

ನಮ್ಮ ಯಜಮಾನರು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಬೆಳಿಗ್ಗೆ ಕೆಲಸ ಮುಗಿಸಿ ಬಂದು ಉಪ್ಪಿಟ್ಟು ತಿನ್ನುತ್ತಿದ್ದವರ ಮುಂದೆ ನನ್ನ ಚಾರ್ಟು ಹರವಿದೆ.

"ರೀ, ಐದು ಜನಾನ ಎರಡು ಜಾಗದಲ್ಲಿ ಸರದಿ ಮೇಲೆ ನಿಲ್ಲಿಸೋದು ಹೇಗ್ರೀ?"

"ಇದೇನ್ ಮಹಾ? ದಿನಾ ನೂರಾರು ಜನಾನ ನಿಲ್ಲಿಸ್ತೀನಿ." ಅವರು ಸ್ಪೂನು ಕೆಳಗಿಟ್ಟರು. "ಅಲ್ಲ ಮಂಗಳಾ, ಅವರಲ್ಲಿ ಚೆನ್ನಾಗಿ ಆಡೋಳು ಯಾರು? ಅವಳನ್ನ ಜಾಸ್ತಿ ಹೊತ್ತು ಆಡಿಸಿದ್ರೆ ಆಗಲ್ವಾ?"

"ಐವರಿಗೂ ಸೀಲ್ ಹಾಕಿ ಕೊಟ್ಟಿದೀನಿ ರೀ!"

"ಯಾಕ್ ಕೊಟ್ಟೆ?" ಎಂದು ಕೇಳಿದರು. ನಾನು ಇನ್ನಷ್ಟು ಉಪ್ಪಿಟ್ಟು ಬಡಿಸಿದ ಮೇಲೆ ಮುಂದುವರಿಸಿದರು. "ಸರಿ ಬಿಡು. ಫ್ಯಾಕ್ಟರೀಲಿ ಒಂದು ಪದ್ಧತಿ ಇದೆ. ರಿಲೀವರ್ ಬರೋವರೆಗೂ ಯಾರೂ ಮೆಷಿನ್ ಬಿಟ್ಟು ಹೋಗೋ ಹಾಗಿಲ್ಲ. ಅವನು ಬಂದು ಪಕ್ಕದಲ್ಲಿ ನಿಂತು, ಚಾರ್ಜ್ ತಗೊಂಡೆ ಅನ್ನಬೇಕು. ಆಮೇಲೇ ಇವನು ಕಾಲು ತೆಗೀಬೇಕು. ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ."

ಎಂಥ ಅದ್ಭುತ! ನಾನು ಇಷ್ಟು ವರ್ಷ ಇವರನ್ನು ಬರೀ ತರಕಾರಿ ತರಲು ಬಳಸಿದೆನಲ್ಲ ಎಂದು ಮರುಗಿದೆ. ಮೈದಾನದ ಮೇಜಿನ ಹತ್ತಿರ ಒಬ್ಬ ಸಹ ಶಿಕ್ಷಕಿ ಅಧಿಕೃತ ಗಡಿಯಾರ ನೋಡಿ ನನಗೆ ಕೈ ಎತ್ತುವುದು. ನಾನು ಕೈ ಎತ್ತಿದರೆ ರಿಲೀವರ್ ಹುಡುಗಿ ಒಳಗೆ ಹೋಗುವುದು. ಅವಳು ಹೋಗಿ ಕೈ ಮುಟ್ಟಿ "ಚಾರ್ಜ್" ಎನ್ನುವವರೆಗೆ ಒಳಗಿನವಳು ಹೊರಗೆ ಬರಕೂಡದು. ಒಂದು ವಾರ ಇದನ್ನೇ ಅಭ್ಯಾಸ ಮಾಡಿಸಿದೆ. ಚೆಂಡನ್ನು ಯಾರೂ ಮುಟ್ಟಲಿಲ್ಲ, ಕೈ ಮುಟ್ಟುವುದು ಮಾತ್ರ ಎಲ್ಲರಿಗೂ ಚೆನ್ನಾಗಿ ಬಂತು.

ಚನ್ನಪಟ್ಟಣದ ಮೈದಾನದಲ್ಲಿ ಸಿದ್ದೇಗೌಡರು ನಮಗಿಂತ ಮೊದಲೇ ಬಂದಿದ್ದರು. ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಒಂದು ಚೀಲ. ಬುಟ್ಟಿಯ ಕಂಬದ ಹಿಂದೆ ಹೋಗಿ ನಿಂತರು. "ಕುರ್ಚಿ ಹಾಕಿಸ್ಲಾ?" ಎಂದು ಕೇಳಿದೆ. "ನಿಂತು ನೋಡಾದೇ ನಮ್ಗೆ ಅಭ್ಯಾಸ ಕಣ್ರವ್ವ," ಅಂದರು. ಮುಖದಲ್ಲಿ ನಗು ಇಲ್ಲ.

ಆಟ ಶುರುವಾಯಿತು. ಮೊದಲೆರಡು ಬದಲಾವಣೆ ಕಾರ್ಖಾನೆಗಿಂತ ಚೆನ್ನಾಗಿ ನಡೆದವು. ಮೂರನೆಯದು ರಕ್ಷಿತಾಳ ಜಾಗಕ್ಕೆ ಮಾದೇವಿ ಹೋಗುವುದು. ಸಹ ಶಿಕ್ಷಕಿ ಕೈ ಎತ್ತಿದರು, ನಾನು ಕೈ ಎತ್ತಿದೆ, ಮಾದೇವಿ ಮೇಜಿನಲ್ಲಿ ಹೇಳಿ ಒಳಗೆ ಹೋದಳು. ಆದರೆ ರಕ್ಷಿತಾ ಆಗತಾನೇ ಮೂರು ಬುಟ್ಟಿ ಹಾಕಿ ಮೈತುಂಬ ಹುರುಪಿನಲ್ಲಿದ್ದಳು. ಅವಳಿಗೆ ಹೊರಗೆ ಬರುವ ಮನಸ್ಸಿಲ್ಲ. ನಿಯಮ ಅವಳಿಗೂ ಗೊತ್ತು: ಕೈ ಮುಟ್ಟುವವರೆಗೆ ಬರುವ ಹಾಗಿಲ್ಲ. ಕೈ ಮುಟ್ಟಿಸಿಕೊಂಡರೆ ತಾನೇ!

ರೆಫ್ರಿ ಆಟ ಬಿಟ್ಟರು. ರಕ್ಷಿತಾ ಓಡಿದಳು. ಮಾದೇವಿ ಕೈ ಚಾಚಿಕೊಂಡು ಹಿಂದೆ ಓಡಿದಳು. ರಕ್ಷಿತಾ ಎಡಕ್ಕೆ ಹೋದರೆ ಇವಳೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. "ನಿಂತ್ಕಳೇ! ಚಾರ್ಜ್ ಕೊಡೇ!" ಎಂದು ಕೂಗು ಬೇರೆ. ಎದುರು ತಂಡದವರಿಗೆ ಇದು ಯಾವ ಹೊಸ ತಂತ್ರವೋ ಎಂದು ದಿಗಿಲು. ನಮ್ಮವರು ಇಬ್ಬರೂ ಚೆಂಡಿನ ಕಡೆ ತಿರುಗಿಯೂ ನೋಡುತ್ತಿಲ್ಲ, ಆದರೂ ಭಯಂಕರವಾಗಿ ಓಡುತ್ತಿದ್ದಾರೆ! ಅವರ ಇಬ್ಬರು ಆಟಗಾರ್ತಿಯರು ಇವರ ಹಿಂದೆ ಓಡಿದರು. ಈ ಗಲಾಟೆಯಲ್ಲಿ ನಮ್ಮ ಗಾರ್ಡ್ ಹುಡುಗಿ ಯಾರ ಅಡ್ಡಿಯೂ ಇಲ್ಲದೆ ಒಂದು ಬುಟ್ಟಿ ಹಾಕಿದಳು. ನಾನು ಕುಣಿದಾಡಿಬಿಟ್ಟೆ. ಕಂಬದ ಹಿಂದಿನಿಂದ ಒಂದು ಕೂಗು ಕೇಳಿಸಿತು.

"ಅವ್ವೋ! ಆರ್ ಅವೆ! ನಿಮ್ಮೊಳಕ್ಕೆ ಬ್ಯಾರೇರ್ದೊಂದು ಸೇರ್ಕಬುಟ್ಟೈತೆ ನೋಡ್ರವ್ವೋ!"

ಇಡೀ ಮೈದಾನ ತಿರುಗಿ ನೋಡಿತು. ಮಂದೆಯನ್ನು ಒಂದು ಕಣ್ಣೋಟದಲ್ಲಿ ಎಣಿಸುವ ಮನುಷ್ಯ, ಪಾಪ, ನನಗೆ ಉಪಕಾರ ಮಾಡಲು ಕೂಗಿದ್ದರು. ಒಂದು ಹೆಚ್ಚು ಕಂಡರೆ ಅದು ಇನ್ನೊಬ್ಬರದು, ಹುಡುಕಿಕೊಂಡು ಬರುವ ಮೊದಲು ನಾವೇ ಹೇಳಿಬಿಡಬೇಕು ಎನ್ನುವುದು ಅವರ ಮರ್ಯಾದೆ. ರೆಫ್ರಿ ಬೆರಳು ಮಾಡಿ ಎಣಿಸಿದರು. ಆರು! ಸೀಟಿ ಊದಿದರು. ನಮಗೆ ಫೌಲು, ಹಾಕಿದ್ದ ಬುಟ್ಟಿಯೂ ಹೋಯಿತು.

"ಮೇಡಂ, ಇದರಲ್ಲಿ ಹೆಚ್ಚಿರೋಳು ಯಾರು?" ಎಂದು ರೆಫ್ರಿ ಕೇಳಿದರು.

ನನ್ನ ಚಾರ್ಟಿನ ಪ್ರಕಾರ ರಕ್ಷಿತಾಳ ಹೊತ್ತು ಮುಗಿದಿತ್ತು. ಪದ್ಧತಿಯ ಪ್ರಕಾರ ಮಾದೇವಿ ಇನ್ನೂ ಚಾರ್ಜ್ ತೆಗೆದುಕೊಂಡಿರಲಿಲ್ಲ. ಇಬ್ಬರದೂ ತಪ್ಪಿಲ್ಲ, ಇಬ್ಬರದೂ ತಪ್ಪು. "ಇಬ್ಬರೂ ಬನ್ರೇ ಈಚೆಗೆ!" ಎಂದು ಕಿರುಚಿದೆ. ಇಬ್ಬರೂ ಬಂದರು. ಆಟ ಮುಂದುವರಿಯಿತು. ನಾನು ಇಬ್ಬರಿಗೂ ನ್ಯಾಯ ಹೇಳುತ್ತಾ ನಿಂತೆ.

"ಈಗ ಒಂದ್ ಕಮ್ಮಿ ಐತೆ ಕಣ್ರವ್ವೋ! ನಾಕೇ ಅವೆ!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆಂಚಿನ ಮೇಲೆ ಕುಳಿತಿದ್ದ ಎದುರು ತಂಡದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾದೇವಿಯನ್ನು ಒಳಗೆ ತಳ್ಳಲು ಮತ್ತೆ ಆಟ ನಿಲ್ಲಬೇಕು. ಹಾಳಾದ್ದು, ನಿಲ್ಲಬೇಕಾದಾಗ ನಿಲ್ಲಲೇ ಇಲ್ಲ. ಕೊನೆಗೆ ಅವಳು ಒಳಗೆ ಹೋದಾಗ ನಾಲ್ಕೇ ನಿಮಿಷ ಉಳಿದಿತ್ತು. ಆ ನಾಲ್ಕು ನಿಮಿಷದಲ್ಲಿ ಅವಳು ಇಬ್ಬರನ್ನು ತಪ್ಪಿಸಿಕೊಂಡು ಹೋಗಿ ಒಂದು ಬುಟ್ಟಿ ಹಾಕಿದಳು. ಎಷ್ಟು ಚೆಂದದ ಬುಟ್ಟಿ! ಹಾಕಿದವಳೇ ತಿರುಗಿ ಅಪ್ಪನ ಕಡೆ ನೋಡಿದಳು. ಅಪ್ಪ ನೋಡಿರಲಿಲ್ಲ, ಎಣಿಸುತ್ತಿದ್ದರು.

ಸೋತೆವು. ಕೈಕುಲುಕಾಟ ಮುಗಿಯಿತು. ಐದೂ ಫಾರ್ವರ್ಡ್‌ಗಳು ನೀರು ಕುಡಿಯುತ್ತಾ ನನ್ನ ಸುತ್ತ ನಿಂತಿದ್ದಾಗ ಸಿದ್ದೇಗೌಡರು ಚೀಲ ಹಿಡಿದುಕೊಂಡು ನೇರ ನನ್ನ ಕಡೆಗೇ ಬಂದರು. ನಾನು ಲೆಕ್ಕದ ಪುಸ್ತಕವನ್ನು ಎದೆಗವಚಿಕೊಂಡೆ. ಅವರು ಬಾಯಿ ತೆರೆಯುವ ಮೊದಲೇ ಶುರುಮಾಡಿದೆ.

"ಗೌಡ್ರೇ, ತಪ್ಪಾಯ್ತು. ಹದಿನಾರು ನಿಮಿಷ ಅಂತ ಬರೆದುಕೊಟ್ಟಿದ್ದೆ, ನಾಲ್ಕೇ ಆಡಿಸೋಕಾಯ್ತು. ಉಳಿದ ಹನ್ನೆರಡನ್ನ ಮುಂದಿನ ಮ್ಯಾಚಲ್ಲಿ ಸೇರಿಸಿ ಕೊಡ್ತೀನಿ. ರಾಮನಗರದ್ದು, ಮಾಗಡೀದೂ ಬಾಕಿ ಇದೆ, ಅದನ್ನೂ ತೀರಿಸ್ತೀನಿ. ದಯವಿಟ್ಟು ಮಾದೇವೀನ ಆಟ ಬಿಡಿಸಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ ಬೇಕಾದ್ರೆ."

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. "ಬುಡ್ತು ಅನ್ನಿ! ಟೀಚರಮ್ಮ ಏನ್ ಮಾತಾಡೀರಿ? ಯಾವ್ ಕಾಗ್ದ? ನಾನ್ಯಾವಾಗ ಬುಡುಸ್ತೀನಿ ಅಂದೆ? ಲೇ ಮಾದೇವಿ, ಅಂದ್ನಾ ನಾನು?"

ಮಾದೇವಿ ಬೂಟಿನ ತುದಿಯಿಂದ ನೆಲ ಕೆರೆಯುತ್ತಿದ್ದಳು. ಕಿವಿ ಕೆಂಪಾಗಿತ್ತು.

"ಅಂದಿರ್ಲಿಲ್ಲ ಮಿಸ್. ಹಂಗ್ ಹೇಳ್ದಿದ್ರೆ ನೀವು ನನ್ನ ಆಡುಸ್ತಿರ್ಲಿಲ್ಲ ಅಂತ... ಆಡ್ಬೇಕು ಅಂತ ಬೋ ಆಸೆ ಆಗಿತ್ತು ಮಿಸ್."

ನಾನು ಉಳಿದವರ ಕಡೆ ತಿರುಗಿದೆ. ರಕ್ಷಿತಾ ಬಾಟಲಿಯ ಮುಚ್ಚಳವನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದಳು. "ನಮ್ಮಮ್ಮನೂ ಏನೂ ಅಂದಿಲ್ಲ ಮಿಸ್," ಅಂದಳು. ಕಾಟ ಕೊಡುವ ಅಣ್ಣನೂ ಇಲ್ಲ. ಕಾಟ ಕೊಡುವ ಅಜ್ಜಿಯಂತೂ ಆ ಹುಡುಗಿ ಹೈಸ್ಕೂಲಿಗೆ ಸೇರುವ ಮೊದಲೇ ತೀರಿಕೊಂಡಿದ್ದರಂತೆ! ಐದು ಪ್ರತಿ, ಐದು ಸಹಿ, ಐದು ಸೀಲು, ಒಂದೂ ಮನೆ ಮುಟ್ಟಿರಲಿಲ್ಲ.

ಸಿಟ್ಟು ಬರಬೇಕಿತ್ತು. ಬರಲಿ ಎಂದು ಸ್ವಲ್ಪ ಹೊತ್ತು ಕಾದೆ. ಬಂದದ್ದು ಉಸಿರು. ಅಯ್ಯೋ ನನ್ನಪ್ಪಾ, ಒಂದೂವರೆ ತಿಂಗಳಿನಿಂದ ಒಳಗೆ ಹಿಡಿದಿಟ್ಟು ಕೂತಿದ್ದ ಉಸಿರು! ಯಾರೂ ಹೋಗುತ್ತಿಲ್ಲ. ಒಬ್ಬಳೂ ಆಟ ಬಿಡುತ್ತಿಲ್ಲ. ಹದಿನಾರು ನಿಮಿಷ ಹಾಳಾಗಿ ಹೋಗಲಿ! ಬೆಂಚಿನ ಮೇಲೆ ಕುಸಿದು ಕುಳಿತು ನಕ್ಕುಬಿಟ್ಟೆ. ಹುಡುಗಿಯರು ಮೊದಲು ಹೆದರಿ, ಆಮೇಲೆ ಜೊತೆಗೂಡಿ ನಕ್ಕರು.

"ಹಾಗಾದ್ರೆ ಇವಳು ದಿನಾ ಬರ್ತಾಳೆ ತಾನೇ ಗೌಡ್ರೇ?" ಎಂದು ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಕೇಳಿದೆ.

"ಬತ್ತಾಳೆ ಬತ್ತಾಳೆ. ಬೆಳಿಗ್ಗೆ ಕುರಿ ಹೊಡ್ಯಾಕೆ ನಂಗೊಂದಾಳು ಕಮ್ಮಿ ಆಯ್ತದೆ, ಆದ್ರೂವೆ ಕಳುಸ್ತಾ ಇವ್ನಿ."

"ತುಂಬಾ ದೊಡ್ಡ ಮನಸ್ಸು ನಿಮ್ಮದು. ಮಗಳು ಆಟದಲ್ಲಿ ಮುಂದೆ ಬರಲಿ ಅಂತ ತಾನೇ?"

ಗೌಡರು ಟವಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. "ಬ್ಯಾಸ್ರ ಮಾಡ್ಕಬ್ಯಾಡಿ ಅವ್ವ. ಇವ್ಳೇ ಅಂದ್ಲು, 'ನಮ್ ಮಿಸ್ಸಿಗೆ ಆಟ ಒಸೀನೂ ತಿಳ್ಯಾಕಿಲ್ಲ ಕಣಪ್ಪಾ. ಒಬ್ರೇ ಒದ್ದಾಡ್ತಾವ್ರೆ. ನಾವೂ ಬುಟ್ಬುಟ್ರೆ ಪಾಪ ಅತ್ಬುಡ್ತಾರೆ' ಅಂತವ. ಯಾಕೆ ಒಂದ್ ಹೆಣ್ ಜೀವ ಅಳುಸ್ಬೇಕು ಅಂತ ಕಳುಸ್ತಾ ಇವ್ನಿ. ಇವತ್ತೂ ಹಂಗೇಯಾ, ನಿಮ್ಗೆ ಒಸಿ ಧೈರ್ಯ ಆಗ್ಲಿ ಅಂತಾನೇ ಬಂದೆ."

ಚೀಲದಿಂದ ಒಂದು ಕಟ್ಟು ಹಸಿ ಕಡ್ಲೆಕಾಯಿ ತೆಗೆದು ನನ್ನ ಮಡಿಲಲ್ಲಿಟ್ಟರು. ಹುಷಾರಿಲ್ಲದವರನ್ನು ನೋಡಲು ಬಂದವರು ಇಡುತ್ತಾರಲ್ಲ, ಹಾಗೆ.

ನಾನು ಅಳುವವಳಲ್ಲ, ಇಪ್ಪತ್ತೆರಡು ವರ್ಷಗಳ ಅನುಭವವಿರುವ ಶಿಕ್ಷಕಿ ಎಂಬ ಅಂಶವನ್ನು ಅವರ ಗಮನಕ್ಕೆ ತರಬೇಕೆಂದು ಎದ್ದು ನಿಂತೆ. ಅಷ್ಟರಲ್ಲಾಗಲೇ ಮೂಗು ಸೋರುತ್ತಿತ್ತು. ಐದೂ ಹುಡುಗಿಯರು ಒಟ್ಟಿಗೇ ಕರ್ಚೀಫು ತೆಗೆದು ಮುಂದೆ ಹಿಡಿದರು. ಯಾರದನ್ನು ಮೊದಲು ತೆಗೆದುಕೊಂಡರೆ ಯಾರಿಗೆ ಬೇಜಾರಾಗುತ್ತದೋ ಎಂದು ಹೆದರಿ, ಸೆರಗಿನಲ್ಲೇ ಒರೆಸಿಕೊಂಡೆ.